ಗಾಲೀಚೆಯ ಮುಗ್ಗಲು ವಾಸನೆ ಮತ್ತು ಮೂರು ಏಕಾದಶಿ

ನಾನು ಎಷ್ಟೇ ಗಂಭೀರವಾಗಿ ಒಂದು ಕೆಲಸಕ್ಕೆ ಕೈಹಾಕಿದರೂ ಅದು ನಾಲ್ಕು ಜನ ನಗುವ ಹಾಗೆಯೇ ಮುಗಿಯುತ್ತದೆ. ಇದು ದೇವರ ಇಚ್ಛೆಯೆಂದು ಒಪ್ಪಿಕೊಂಡು ಬಹಳ ಕಾಲವಾಯಿತು. ಈಗ ಬರೆಯುತ್ತಿರುವ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ಭಜನಾ ಮಂಡಳಿಯ ಹಿರಿಯರು, ತಾಳದ ಕಾಕಾ. ನಿಮ್ಮ ಮನೆಯ ಕಥೆಯನ್ನು ನಿಮಗೇ ಇನ್ನೊಬ್ಬರು ಹೇಳಬೇಕಾಯಿತೇ ಎಂದು ಕೇಳಬಹುದು. ಹೌದು. ಮನೆಯ ಮುಗ್ಗಲು ಮನೆಯವರ ಮೂಗಿಗೆ ತಿಳಿಯುವುದಿಲ್ಲ.

ತೆಲುಗು ಸೀಮೆಯ ದೊಡ್ಡ ಪಟ್ಟಣದ ಬಡಾವಣೆ ಕುಷಾಯಿಗೂಡದ ನಮ್ಮ ಮನೆಯಲ್ಲಿ ಪ್ರತಿ ಏಕಾದಶಿಗೆ ಭಜನೆ. ಬೀದರ, ಕಲಬುರಗಿ ಕಡೆಯಿಂದ ಬಂದು ನೆಲೆಸಿದ ಇಪ್ಪತ್ತು ಜನ ಸೇರುತ್ತೇವೆ. ಬಾಗಿಲಲ್ಲಿ ತುಂಬಿದ ಬಕೆಟ್ಟು, ಹಿತ್ತಾಳೆ ಚೊಂಬು ಇಟ್ಟಿರುತ್ತೇನೆ. ಕಾಲು ತೊಳೆಯದೆ ದೇವರ ಮುಂದೆ ಹೋಗಬಾರದೆಂದು ನಮ್ಮ ಅಪ್ಪನೂ ಹೇಳಿದ್ದ, ಊರ ಶಾಲೆಯ ಮಾಸ್ತರರೂ ಹೇಳಿದ್ದರು. ಈ ವರ್ಷ ನಾಂಪಲ್ಲಿ ಎಕ್ಸಿಬಿಷನ್ನಿನಲ್ಲಿ ಒಂದು ಕೆಂಪು ಗಾಲೀಚೆ ಕೊಂಡು, ಆಟೋದ ತಲೆಯ ಮೇಲೆ ಕಟ್ಟಿ ತಂದೆ. ಬಾಗಿಲಿನಿಂದ ದೇವರ ಗೂಡಿನವರೆಗೆ ಹಾಸಿದೆ.

ಶ್ರಾವಣದಲ್ಲಿ ಒಂದು ಭಜನೆ ಮುಗಿದ ಮೇಲೆ ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು.

“ತಪ್ಪು ತಿಳ್ಕೋಬ್ಯಾಡ್ರಿ. ನಿಮ್ಮ ಗಾಲೀಚಾ ನಾರಾಕತ್ತೈತಿ. ನಮಸ್ಕಾರಕ್ಕಂತ ತಲಿ ಬಗ್ಗಿಸಿದ್ರ, ಏಳಾಕ ಅವಸರ ಆಗತೈತಿ.”

“ಮಳಿಗಾಲ ಅಲ್ರಿ ಕಾಕಾ.”

“ಮಳಿಗಾಲ ಎಲ್ಲಾರಿಗೂ ಐತಿ. ಇನ್ನ ಮೂರು ಏಕಾದಶಿ ನೋಡ್ತೀನಿ. ಹೋಗಲಿಲ್ಲಂದ್ರ ಭಜನಿ ಕೊಂಡಾಪುರಕ್ಕ ಒಯ್ಯೂಣು, ನನ್ನ ಮಗಳ ಫ್ಲ್ಯಾಟಿಗೆ. ಟೈಲ್ಸ್ ನೆಲ. ಲಿಫ್ಟೂ ಐತಿ.”

ಕೊಂಡಾಪುರ ಪಟ್ಟಣದ ಆ ತುದಿಗಿದೆ. ನಮ್ಮ ಅವ್ವನಿಗೆ ಮೊಣಕಾಲು ನೋವು. ಅವಳು ಮನೆಯ ಮುಂದಿನ ಮೂರು ಮೆಟ್ಟಿಲು ಇಳಿದು ಎರಡು ವರ್ಷವಾಯಿತು. ಹದಿನೈದು ದಿನಕ್ಕೊಮ್ಮೆ ಬರುವ ಈ ಭಜನೆಯೇ ಅವಳಿಗೆ ಗುಡಿ, ಅದೇ ಬಂಧುಬಳಗ. ಬೆಳಿಗ್ಗೆಯಿಂದ ಹೊಸ ಸೀರೆ ಉಟ್ಟು ಕಾಯುತ್ತಾಳೆ. ಅವಳು ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು.

“ಲಿಫ್ಟ್ ನನಗೂ ಬರೂದೈತಿ ತಮ್ಮಾ. ಆದ್ರ ಅದು ಬರೇ ಮ್ಯಾಲ ಹೋಗತೈತಿ, ಕೆಳಗ ಇಳಿಯೂದಿಲ್ಲ.”

ಕಾಕಾ ನಕ್ಕರು. ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸೋಡಾ

ಅಡುಗೆ ಸೋಡಾ ಉದುರಿಸಿ ಅರ್ಧ ದಿನ ಬಿಟ್ಟು ಗುಡಿಸಿದರೆ ವಾಸನೆ ಎಳೆದುಕೊಳ್ಳುತ್ತದೆಂದು ನನ್ನ ಹೆಂಡತಿ ಎಲ್ಲಿಯೋ ಕೇಳಿಕೊಂಡು ಬಂದಳು. ಊಟವಾದ ಮೇಲೆ ಇಡೀ ಗಾಲೀಚೆಯ ಮೇಲೆ ಸೋಡಾ ಉದುರಿಸಿದೆ. ದೇವರ ಗೂಡಿನ ಹತ್ತಿರ ಕನ್ನಡಕ ಬಿಟ್ಟದ್ದು ಆಮೇಲೆ ನೆನಪಾಯಿತು. ಮೆಲ್ಲಗೆ ನಡೆದು ಹೋಗಿ ತಂದುಕೊಂಡು, ಒಳಗೆ ಹೋಗಿ ಮಲಗಿದೆ.

ಎದ್ದು ಬಂದು ನೋಡಿದರೆ ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾಳೆ. ಕಣ್ಣಲ್ಲಿ ನೀರು, ಕೈ ಜೋಡಿಸಿದ್ದಾಳೆ.

“ತಮ್ಮಾ, ವಿಠ್ಠಲ ಬಂದು ಹೋಗ್ಯಾನೋ! ನೋಡು, ಹೆಜ್ಜಿ ಮೂಡ್ಯಾವ. ಗೂಡಿನ ತನಕಾ ಹೋಗಿ ಹೊಳ್ಳಿ ಬಂದಾನ.”

ನಾನು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡೆ. ಹೆಂಡತಿ ಮಾತ್ರ ಸುಳ್ಳು ಹೇಳುವವಳಲ್ಲ. “ವಿಠ್ಠಲ ಅಲ್ರೀ ಅತ್ತಿ. ನಿಮ್ಮ ಮಗ ಕನ್ನಡಕ ತರಾಕ ಹೋಗಿದ್ರು.”

ಅವ್ವ ಕೈ ಇಳಿಸಿದಳು. ಇನ್ನೊಮ್ಮೆ ಬಗ್ಗಿ ನೋಡಿದಳು.

“ಅದಕ್ಕಽ ಅನ್ನಾಕತ್ತಿದ್ದೆ, ದೇವರ ಕಾಲು ಯಾಕ ಇಷ್ಟು ಸೊಟ್ಟ ಅದಾವ ಅಂತ.”

ಲೋಬಾನ

ನಮ್ಮ ಓಣಿಯ ತುದಿಯಲ್ಲಿ ಗಾದಿ ಹೊಲಿಯುವ ಒಬ್ಬ ಮುದುಕರಿದ್ದಾರೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತೇವೆ. ಸೋಡಾದಿಂದ ಏನೂ ಆಗಲಿಲ್ಲವೆಂದು ಹೇಳಿಕೊಂಡಾಗ ಅವರು, “ಲೋಬಾನ್ ಕಾ ಧುವಾ ದೇವ್ ಮಿಯಾ,” ಸಾಂಬ್ರಾಣಿಯ ಹೊಗೆ ಕೊಡಿರಿ ಎಂದರು. ಆದರೆ ಅವರು ಹೇಳಿದ್ದು ಒಂದು ಚಿಟಿಕೆ. ಭಕ್ತಿಯ ವಿಷಯದಲ್ಲಿ ಜಿಪುಣತನ ಮಾಡಬಾರದೆಂದು ನಾನು ಒಂದು ಹಿಡಿ ಹಾಕಿದೆ.

ಅಂಗಳದಲ್ಲಿ ಎರಡು ಮಂಚ ಜೋಡಿಸಿ, ಗಾಲೀಚೆ ಹೊದಿಸಿ, ಅಡಿಯಲ್ಲಿ ಕೆಂಡದ ಬಟ್ಟಲು ಇಟ್ಟೆ. ಹೊಗೆ ಓಣಿಯನ್ನೆಲ್ಲ ತುಂಬಿತು. ಎದುರು ಮನೆಯವರು ನೀರಿನ ಬಕೆಟ್ಟು ಹಿಡಿದು ಓಡಿ ಬಂದರು. ಬೆಂಕಿಯಿಲ್ಲವೆಂದು ಅವರನ್ನು ಕಳಿಸುವಷ್ಟರಲ್ಲಿ, ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು ಅಳುವ ಕೂಸನ್ನು ಎತ್ತಿಕೊಂಡು ಒಳಗೇ ಬಂದಳು.

“ಬಾಬಾ, ಬಚ್ಚೇಕು ನಜರ್ ಲಗ್ ಗಯಿ. ಜರಾ ಧುವಾ ದೇವ್ ನಾ.”

ಕೂಸಿಗೆ ದೃಷ್ಟಿಯಾಗಿದೆ, ಸ್ವಲ್ಪ ಹೊಗೆ ಕೊಡಿರಿ ಎಂದಳು. ನಾನು ಬಾಬಾ ಅಲ್ಲವೆಂದು ಹೇಳಬೇಕೆಂದುಕೊಂಡೆ. ಕೂಸಿನ ಅಳು ನೋಡಿ ಮನಸ್ಸಾಗಲಿಲ್ಲ. ವಿಠ್ಠಲನನ್ನು ನೆನೆದು ಬೀಸಣಿಕೆಯಿಂದ ದೂರದಿಂದಲೇ ಎರಡು ಸಲ ಹೊಗೆ ಬೀಸಿದೆ. ಕೂಸು ಗಪ್ಪನೆ ಸುಮ್ಮನಾಯಿತು. ತಾಯಿ ನನ್ನ ಕಾಲು ಮುಟ್ಟಿ ಹೋದಳು.

ಏಕಾದಶಿಗೆ ಕಾಕಾ ಬಂದರು, ನಮಸ್ಕಾರಕ್ಕೆ ಬಗ್ಗಿದರು, ಬೇಗ ಎದ್ದರು. “ಒಂದಾತು,” ಎಂದರು.

ಕೂಸಿಗೆ ತಾಗಿದ ದೃಷ್ಟಿ ಹೋಯಿತು. ಗಾಲೀಚೆಯ ವಾಸನೆ ಹೋಗಲಿಲ್ಲ.

ಬಿಸಿಲು

ಆ ವಾರ ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಿತ್ತು. ಗಾಲೀಚೆಯನ್ನು ಮಾಳಿಗೆಯ ಮೇಲೆ ಹಾಸಿ ಬಂದೆ. ಸಂಜೆ ಹೋದರೆ ಅದರ ತುಂಬ ಒಣಮೆಣಸಿನಕಾಯಿ! ಮೇಲಿನ ಮನೆಯ ತೆಲುಗಿನ ಅಮ್ಮ ನಗುತ್ತಾ ನಿಂತಿದ್ದರು.

“ಎಂಡ ಬಾಗುಂದಿ ಕದಾ ಅಣ್ಣಾ!” ಬಿಸಿಲು ಚೆನ್ನಾಗಿದೆಯಲ್ಲ ಎಂದರು. ನಾವು ಎಲ್ಲರಿಗೂ ಅನುಕೂಲವಾಗಲೆಂದೇ ಹಾಸಿದ್ದೇವೆಂದು ಅವರು ತಿಳಿದಿದ್ದರು. ಕೃತಜ್ಞತೆಗೆಂದು ಒಂದು ಸೇರು ಮೆಣಸಿನಕಾಯಿಯನ್ನೂ ಕೊಟ್ಟರು. ಏನೆನ್ನುವುದು? ಗಾಲೀಚೆ ಕೊಡವಿ ತಂದು ಹಾಸಿದೆ. ಕೊಡವಿದ್ದು ಸಾಲದೆಂದು ಎರಡನೆಯ ಏಕಾದಶಿಯಂದು ತಿಳಿಯಿತು.

ಮೊದಲ ಸೀನು ಮೃದಂಗದವರದು. ಆಮೇಲೆ ಹಾರ್ಮೋನಿಯಂ. ಆಮೇಲೆ ಇಪ್ಪತ್ತೂ ಜನ. “ವಿಠ್ಠಲ” ಎಂದು ಶುರುವಾದ ನಾಮ ಯಾರ ಬಾಯಲ್ಲಿಯೂ ಪೂರ್ತಿಯಾಗಲಿಲ್ಲ. ಕಾಕಾ ತಾಳ ಬಿಡದೆ ಹನ್ನೊಂದು ಸಲ ಸೀನಿದರು. ಒಂದು ಸೀನೂ ತಾಳ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಕಣ್ಣು ಮೂಗು ಒರೆಸಿಕೊಂಡು, “ಎರಡಾತು,” ಎಂದರು.

“ಕಾಕಾ, ಇವತ್ತ ನಾತ ಏನೂ ಇರಲಿಲ್ಲಲ್ರಿ?” ಎಂದೆ ಆಸೆಯಿಂದ.

“ತಿಳಿಯಾಕ ಮೂಗು ಎಲ್ಲಿ ಉಳಿಸಿದ್ರಿ?”

ಚೊಂಬು

ಇನ್ನು ಒಂದೇ ಏಕಾದಶಿ. ಅವ್ವ ಮಾತು ಕಡಿಮೆ ಮಾಡಿದ್ದಳು. ಒಂದು ಮುಂಜಾನೆ ಹೂ ಕಟ್ಟುತ್ತಾ, “ಫೋನಿನಾಗ ಭಜನಿ ಕೇಳಸ್ತಾರಂತಲ್ಲೋ ಈಗ?” ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ನೇರ ಹೋಗಿ ಚಾಚಾ ಅವರನ್ನು ಮನೆಗೇ ಕರೆದುಕೊಂಡು ಬಂದೆ.

ಅವರು ಬಂದವರೇ ಗಾಲೀಚೆಯ ನಾಲ್ಕು ಮೂಲೆ ಎತ್ತಿ ಎತ್ತಿ ಮೂಸಿದರು. ದೇವರ ಗೂಡಿನ ಕಡೆ ಒಣಗಿತ್ತು. ಬಾಗಿಲ ಕಡೆ ಎತ್ತಿದರೆ ಅಡಿಯ ನೆಲ ಇನ್ನೂ ಒದ್ದೆಯಾಗಿತ್ತು.

“ಇಲ್ಲಿ ನೀರು ಯಾರು ಚೆಲ್ಲತಾರ?” ಎಂದು ತಮ್ಮ ಮುರುಕು ಕನ್ನಡದಲ್ಲಿ ಕೇಳಿದರು.

ನನ್ನ ಅಭಿಮಾನಕ್ಕೆ ಸ್ವಲ್ಪ ಪೆಟ್ಟು ಬಿತ್ತು. “ಯಾರೂ ಇಲ್ರಿ ಚಾಚಾ. ನಮ್ಮದು ಭಾಳ ಮಡಿಯ ಮನಿ. ಬಕೆಟ್ಟು, ಚೊಂಬು ಇಟ್ಟಿರ್ತೀನಿ. ಕಾಲು ತೊಳೀಲಾರದ ಒಬ್ರನ್ನೂ ಒಳಗ ಬಿಡೂದಿಲ್ಲ.”

ಚಾಚಾ ನನ್ನ ಮುಖ ನೋಡಿದರು. “ಇನ್ನೊಂದು ಸಲ ಹೇಳ್ರಿ.”

“ಬಕೆಟ್ಟು, ಚೊಂಬು ಇಟ್ಟಿರ್ತೀನಿ. ಕಾಲು ತೊಳೀಲಾರದ…”

ಅಷ್ಟರಲ್ಲಿ ತಿರುಗಿ ಬಾಗಿಲ ಬಕೆಟ್ಟು ನೋಡಿದೆ. ಇಪ್ಪತ್ತು ಜನ, ನಲವತ್ತು ಕಾಲು. ಒಂದನ್ನೂ ಒರೆಸಿಕೊಳ್ಳದೆ, ಹೊಸ್ತಿಲು ದಾಟಿ ನೇರ ಗಾಲೀಚೆಯ ಮೇಲೆ. ಬೇಸಿಗೆಯಲ್ಲಿ ಆರುತ್ತಿತ್ತು, ಮಳೆಗಾಲದಲ್ಲಿ ಎಲ್ಲಿಂದ ಆರಬೇಕು? ಎಲ್ಲರಿಗಿಂತ ಹೆಚ್ಚು ಮಡಿ ಕಾಕಾ ಅವರದು: ಒಂದೊಂದು ಕಾಲಿಗೆ ಮೂರು ಚೊಂಬು.

ನೆಲ ಒರೆಸಿ ಒಣಗಿಸಿದೆವು. ಗಾಲೀಚೆಯನ್ನು ಮೂರು ದಿನ ಎರಡೂ ಮಗ್ಗುಲು ಬಿಸಿಲಿಗೆ ಹಾಕಿದೆವು. ಮೆಣಸಿನಕಾಯಿ ಬಾರದಂತೆ ನನ್ನ ಹೆಂಡತಿ ಕೊಡೆ ಹಿಡಿದು ಪಕ್ಕದಲ್ಲೇ ಕುಳಿತಳು. ಬಾಗಿಲಲ್ಲಿ ಚೊಂಬಿನ ಮುಂದೆ ಒಂದು ದಪ್ಪನೆಯ ಗೋಣಿಚೀಲ ಹಾಸಿದೆ.

ಮೂರನೆಯ ಏಕಾದಶಿ. ಎಲ್ಲರೂ ಕಾಲು ತೊಳೆದರು, ಗೋಣಿಯ ಮೇಲೆ ಒರೆಸಿದರು, ಒಳಗೆ ಬಂದರು. ಕಾಕಾ ಆರು ಚೊಂಬು ಸುರಿದುಕೊಂಡು ಹತ್ತು ಸಲ ಒರೆಸಿದರು. ಅವ್ವ ಹೊಸ ಸೀರೆ ಉಟ್ಟು ಗೋಡೆಗೆ ಒರಗಿ ಅವರ ಮೂಗನ್ನೇ ನೋಡುತ್ತಿದ್ದಳು. ಭಜನೆಯಾಯಿತು. ಮಂಗಳಾರತಿಯಾಯಿತು. ಕಾಕಾ ನಮಸ್ಕಾರಕ್ಕೆ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಏನಾಯಿತೋ ಎಂದು ನಾವು ಹೆದರುವಷ್ಟರಲ್ಲಿ ತಲೆ ಎತ್ತಿ, “ಇಲ್ಲೇ ಇರಲ್ರೀ ಭಜನಿ,” ಎಂದರು.

ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ನಾನು ದೇವರಿಗೆ ಇನ್ನೊಂದು ದೀಪ ಹಚ್ಚಿದೆ.

ಕಾಕಾ ಹೊರಡಲೆಂದು ಬಾಗಿಲಿಗೆ ಹೋದರು. ಚಪ್ಪಲಿ ಮೆಟ್ಟಲು ಬಗ್ಗಿದವರು ಅಲ್ಲಿಯೇ ತಡೆದರು. ಮೂಗು ಎರಡು ಸಲ ಎಳೆದರು.

“ತಪ್ಪು ತಿಳ್ಕೋಬ್ಯಾಡ್ರಿ. ಈ ಗೋಣಿಚೀಲ ನಾರಾಕತ್ತೈತಿ.”

ಒಳಗಿನಿಂದ ಅವ್ವನ ದನಿ ಬಂತು. “ಅದನ್ನಷ್ಟ ಕೊಂಡಾಪುರಕ್ಕ ಒಯ್ಯಪಾ ತಮ್ಮಾ. ಅಲ್ಲಿ ಲಿಫ್ಟ್ ಐತೆಲ್ಲ!”

ನಿಮ್ಮ ಬಳಗದಲ್ಲಿ ಯಾರ ಮನೆಯ ಗಾಲೀಚೆಯಾದರೂ ಮುಗ್ಗಿದ್ದರೆ, ಈ ಪ್ರಸಂಗವನ್ನು ದಯಮಾಡಿ ಅವರಿಗೂ ಮುಟ್ಟಿಸಿರಿ. ಸೋಡಾ, ಲೋಬಾನ ಆಮೇಲೆ ಆಗಲಿ. ಕಾಲು ಒರೆಸುವ ಮಾತು ಮೊದಲು ಹೇಳಿರಿ.