ನಾಲ್ಕನೇ ಪೊಟ್ಟಣ, ಏಳನೇ ಪೊಟ್ಟಣ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೆ ಕುಮಟೆಯ ಮನೆಯ ಟೆರೇಸಿನಲ್ಲಿ ಪಾಪಾಸುಕಳ್ಳಿ ಸಾಕಿ, ಅವುಗಳಿಗೂ ಅಣ್ಣ-ತಮ್ಮ, ಅಜ್ಜ-ಮುತ್ತಜ್ಜ ಹುಡುಕುವ ಹೆಂಗಸು ನಿಮ್ಮ ಸೋದರತ್ತೆಯಾಗಿದ್ದರೆ ನೀವು ಸುಮ್ಮನಿರುತ್ತಿದ್ದಿರಾ?

ಅತ್ತೆ ಹೊನ್ನಾವರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಕಳ್ಳಿಗಳ ಡಿಎನ್‌ಎ ಹೋಲಿಸಿ ಯಾವುದು ಯಾವುದಕ್ಕೆ ಹತ್ತಿರದ ನೆಂಟ ಎಂದು ಪತ್ತೆ ಮಾಡುವುದು ಅವಳ ಪಿಎಚ್‌ಡಿ. ನಾಮಕರಣದ ಮನೆಯಲ್ಲಿ ಯಾರಾದರೂ "ಮೂಗು ಥೇಟ್ ಅಪ್ಪಂದೇ" ಅಂದರೆ ಸಾಕು, "ಮೂಗು ಸಾಕ್ಷಿ ಅಲ್ಲ!" ಎನ್ನುತ್ತಾಳೆ. ಆಮೇಲೆ ತೊಟ್ಟಿಲ ಸುತ್ತ ಇದ್ದವರೆಲ್ಲ ಮಗುವಿನ ಅಪ್ಪನನ್ನೇ ನೋಡುತ್ತಾರೆ!

ಒಮ್ಮೆ ಮದುವೆಗೆ ಹೊರಟವಳು ಭಟ್ಕಳದಲ್ಲಿ ಯಾರದೋ ಕಾಂಪೌಂಡಿನ ಕಳ್ಳಿ ಕಂಡು ಬಸ್ಸಿನಿಂದ ಇಳಿದೇಬಿಟ್ಟಳು. "ಉಗುರಿನಷ್ಟು ಚೂರು ಕೊಡಿ." ಆ ಮನೆಯಾಕೆ ಮೇಲಿಂದ ಕೆಳಗೆ ನೋಡಿ, "ಅಷ್ಟಕ್ಕೆ ರೇಷ್ಮೆ ಸೀರೆ ಉಟ್ಕೊಂಡು ಬಂದ್ರಾ?" ಎಂದರು.

ಈಗ ನನ್ನ ಪ್ರತಾಪ: ಮಿಮಿಕ್ರಿ. ಊರವರ ದನಿಯೆಲ್ಲ ನನ್ನ ಗಂಟಲಲ್ಲಿದೆ. ನನ್ನದೇ ದನಿ ಯಾವುದೆಂದು ನನಗೇ ಅನುಮಾನ. ಅತ್ತೆ ಕಳ್ಳಿ ಚೂರುಗಳನ್ನು ಒಣಗಿಸಿ, ನಂಬರಿನ ಚೀಟಿ ಅಂಟಿಸಿ ಪೊಟ್ಟಣ ಕಟ್ಟಿದ ದಿನ, ಗೆಳೆಯನ ಫೋನಿನಿಂದ ಅವಳ ಪಿಎಚ್‌ಡಿ ಗೈಡಿನ ದನಿಯಲ್ಲಿ ಗುಡುಗಿದೆ: "ಪಟ್ಟಿ ನೋಡಿದೆ. ನಾಲ್ಕು, ಏಳರ ಚೀಟಿ ಅದಲುಬದಲಾಗಿದೆ. ಸರಿಪಡಿಸಿ!"

"ಆಯ್ತು ಸರ್" ಅಂದಳು.

ಸಂಜೆ ನಗುತ್ತ ಹೇಳೋಣವೆಂದು ಬಂದರೆ, ಪೊಟ್ಟಣಗಳು ಮಧ್ಯಾಹ್ನವೇ ಲ್ಯಾಬಿಗೆ ಕೊರಿಯರ್ ಹತ್ತಿದ್ದವು! ಒಣಗಿದ ಮೇಲೆ ಎಲ್ಲವೂ ಹಾಗಲಕಾಯಿ ಬಾಳಕದಂತೆ, ಚೀಟಿಯೊಂದೇ ಗುರುತು. ಅಂದಿನಿಂದ ನನ್ನ ಬಾಯಿ ಬಂದ್. ಕೊರಿಯರಿನವನ ಬೈಕ್ ಸದ್ದಾದರೂ ಹಿತ್ತಲಿಗೆ ಓಡುತ್ತಿದ್ದೆ.

ಕಡೆಗೂ ಫಲಿತಾಂಶ ಬಂತು. ಗುಂಡನೆಯ ನಾಲ್ಕನೆಯದು ಉದ್ದನೆಯವರ ಪಂಕ್ತಿಯಲ್ಲಿ, ಉದ್ದನೆಯ ಏಳನೆಯದು ಗುಂಡನೆಯವರ ಪಂಕ್ತಿಯಲ್ಲಿ! ಅಸಲಿ ಗೈಡು ಸ್ಪೀಕರಿನಲ್ಲಿ ಸಿಡುಕಿದರು: "ಚೀಟಿ ತಪ್ಪಿದೆ. ಇಡೀ ಕೆಲಸ ಕಸ."

ಅತ್ತೆ ಪಟ್ಟು ಬಿಡಲಿಲ್ಲ. "ಚೀಟಿ ಸರಿ ಇದೆ ಸರ್. ಮತ್ತೊಮ್ಮೆ ಚೂರು ಕಳಿಸ್ತೇನೆ. ಆಗಲೂ ಇದೇ ಬರದಿದ್ರೆ ಪಿಎಚ್‌ಡಿ ಬಿಟ್ಟುಬಿಡ್ತೇನೆ."

ಅಯ್ಯೋ! ಅವಳು ಫೋನ್ ಇಟ್ಟದ್ದೇ ನಾನು ಒದರಿಬಿಟ್ಟೆ: "ಅತ್ತೆ, ಅವತ್ತು ಫೋನ್ ಮಾಡಿದ್ದು ಸರ್ ಅಲ್ಲ. ನಾನು!"

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ಗೊತ್ತಿತ್ತು ತಮಾ. ನಾ ಚೀಟಿ ಮುಟ್ಲೇ ಇಲ್ಲ. ಕಳ್ಳಿ ಹೇಳಿದ್ದೇ ಖರೆ, ಆಕಾರ ಸಾಕ್ಷಿ ಅಲ್ಲ."

"ಎಂತ! ಹೆಂಗೆ ಗೊತ್ತಾತು? ದನಿ ಪಕ್ಕಾ ಅವರದ್ದೇ ಇತ್ತಲ್ಲ?"

"ದನಿ ಅವರದ್ದೇ. ಆದ್ರೆ ಫೋನ್ ಇಡೂ ಮೊದ್ಲು ನೀ 'ಊಟ ಮಾಡಿದ್ರಾ' ಅಂತ ಕೇಳ್ದೆ. ಇಷ್ಟು ವರ್ಷದಲ್ಲಿ ನನ್ ಹತ್ರ ಹಂಗೆ ಕೇಳಿದ್ದು ನೀ ಒಬ್ನೇ."