ಮುನ್ನೂರು ಬಾತ್ ಉಳಿಸಿದ ದಿನ

ಇಷ್ಟೆಲ್ಲ ರಾಮಾಯಣ ಶುರುವಾದದ್ದು ಬರೀ ಮುನ್ನೂರು ಬಾತ್‌ನಿಂದ.

ಥಾಯ್ಲೆಂಡಿನ ಪಿಟ್ಸನುಲೋಕ್ ಊರಿನ ನೀರಿನ ಬಿಲ್ ಕಚೇರಿಯ ಗುಮಾಸ್ತ ತಾವೊರ್ನ್, ಆಗದೆಯೂ ಇರಬಹುದಾದ ಯಾವುದಕ್ಕೂ ದುಡ್ಡು ಬಿಚ್ಚುವ ಆಸಾಮಿಯಲ್ಲ. ಹುಟ್ಟಿದಾಗಿನಿಂದ ಒಂದು ಲಾಟರಿ ಚೀಟಿ ಕೊಂಡವನಲ್ಲ. ಅಂಥವನು ಒಂದು ದಿನದ ಮಟ್ಟಿಗೆ ಕಾರು ಬಾಡಿಗೆಗೆ ತೆಗೆದುಕೊಳ್ಳಲು ಹೊರಟದ್ದು ಹೆಂಡತಿ ಲಮಯ್‌ಳ ಹಟಕ್ಕೆ. ಹೋದ ವರ್ಷ ಅವಳ ತವರೂರಿಗೆ ಸ್ಕೂಟರಿನಲ್ಲಿ ಹೋಗುವಾಗ ಗುಂಡಿಗೆ ಬಿದ್ದು ಅವಳ ಮುಂದಿನ ಎರಡು ಹಲ್ಲು ಉದುರಿದ್ದವು. ಅಂದಿನಿಂದ ಬಾಯಿಗೆ ಅಂಗೈ ಅಡ್ಡ ಹಿಡಿದೇ ಅವಳ ಮಾತು, ಅಂಗೈ ಅಡ್ಡ ಹಿಡಿದೇ ನಗು. ಈಗ ಅವಳ ತಮ್ಮ ಖಾಮ್‌ಪೊನ್‌ನ ಮಗ ಭಿಕ್ಷು ದೀಕ್ಷೆ ತೆಗೆದುಕೊಳ್ಳುವವನಿದ್ದ. ಸ್ಕೂಟರ್ ಅಂದರೆ ತಾನು ಹೊಸ್ತಿಲು ದಾಟುವುದಿಲ್ಲ ಎಂದು ಲಮಯ್ ಕೂತುಬಿಟ್ಟಳು.

ತಾವೊರ್ನ್ ಮೂರು ಸಂಜೆ ಊರೆಲ್ಲ ಸುತ್ತಿ ಬಾಡಿಗೆ ವಿಚಾರಿಸಿದ. ವಿಮಾನ ನಿಲ್ದಾಣದ ಅಂಗಡಿ ದುಬಾರಿ. ಬಸ್ ನಿಲ್ದಾಣದ ಹಿಂದಿನ ವಿರೋಟ್‌ನ ಅಂಗಡಿಯಲ್ಲಿ ಇನ್ನೂರು ಕಡಿಮೆ. ಅಲ್ಲೇ ಹಳೇ ಬಿಳಿ ಕಾರಾದರೆ ಇನ್ನೂ ನೂರು ಕಡಿಮೆ. ಹದಿನಾರನೇ ತಾರೀಖು ಬೆಳಗ್ಗೆ ಗಂಡಹೆಂಡಿರು ಅಲ್ಲಿ ಹೋಗಿ ನಿಂತರು.

"ಅಣ್ಣಾ, ಎಂಟು ಸಾವಿರ ಠೇವಣಿ," ಎಂದ ವಿರೋಟ್. "ಮೇಲೆ ಮುನ್ನೂರು ಕೊಟ್ರೆ ಪೂರ್ತಿ ವಿಮೆ. ಗೀರು ಬೀಳ್ಲಿ, ತಗ್ಗು ಬೀಳ್ಲಿ, ನಿಮ್ಮ ಠೇವಣಿ ಮುಟ್ಟಲ್ಲ. ವಿಮೆ ಬೇಡ ಅಂದ್ರೆ, ಏನಾದ್ರೂ ಆದ್ರೆ ಅದ್ರಲ್ಲೇ ಮುರ್ಕೋತೀನಿ."

"ಏನಾದ್ರೂ ಆದ್ರೆ ತಾನೇ? ಆಗದೇ ಇದ್ರೆ ನನ್ನ ಮುನ್ನೂರು ವಾಪಸ್ ಕೊಡ್ತೀಯಾ?"

"ಅದ್ಹೇಗೆ ಕೊಡ್ಲಿ ಅಣ್ಣಾ?"

"ಮತ್ತೆ? ಬೇಡ ಹೋಗು."

ಲಮಯ್ ಚೀಲದಿಂದ ಒಂದು ಲಕೋಟೆ ತೆಗೆದಳು. ಶುಕ್ರವಾರ ದಂತವೈದ್ಯರಿಗೆ ಕೊಡಲೆಂದು ವರ್ಷವಿಡೀ ಪೈಸೆಪೈಸೆ ಕೂಡಿಟ್ಟ ಎಂಟು ಸಾವಿರ ಅದು. "ರೀ, ಇದು ನನ್ನ ಹಲ್ಲು, ನೆನಪಿರ್ಲಿ," ಎಂದಳು ಅಂಗೈ ಮರೆಯಿಂದ. "ಆ ಮುನ್ನೂರು ಬಿಸಾಕ್ಬಾರ್ದಾ?"

"ಸುಮ್ನಿರೇ. ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ."

"ಅದ್ಕೇ ಹೇಳ್ತಿರೋದು!"

ತಾವೊರ್ನ್ ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಕಾರು ಹತ್ತಿದ. ಸಂಜೆ ಆರಕ್ಕೆ ಕಾರು ವಾಪಸಾಗಬೇಕಿತ್ತು. ಹೆದ್ದಾರಿಯಲ್ಲಿ ಸೈಕಲ್‌ಗಳೂ ಅವನನ್ನು ಹಿಂದೆ ಹಾಕಿದವು. ಅರವತ್ತು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು, ಆದರೆ ಕಾರಿಗೆ ಧೂಳು ಬಿಟ್ಟು ಇನ್ನೇನೂ ತಾಗಲಿಲ್ಲ.

ತಾಗಿದ್ದು ಊರೊಳಗೆ. ಓಣಿಯಲ್ಲಿ ಎದುರಿಗೆ ದೀಕ್ಷೆಯ ಮೆರವಣಿಗೆ, ಉದ್ದ ಡೋಲು, ಕುಣಿಯುವ ಹೆಂಗಸರು. ದಾರಿ ಬಿಡಲು ಹೋಗಿ ತಾವೊರ್ನ್ ಎಡಕ್ಕೆ ತಿರುಗಿಸಿದ. ಊರಿಗೆಲ್ಲ ಅತ್ತೆಯಾದ ಸಂಗಿಯಂಳ ಮನೆಯ ಬಿದಿರು ಬೇಲಿ "ಕರ್ರ್" ಎಂದಿತು. ಇಳಿದು ನೋಡಿದರೆ ಎಡಬಾಗಿಲ ಮೇಲೆ ಮೊಣಕೈ ಉದ್ದದ ಸೊಟ್ಟ ಗೀರು, ಪಕ್ಕದಲ್ಲೊಂದು ತಗ್ಗು.

"ಹೋಯ್ತು," ಎಂದಳು ಲಮಯ್. "ಎಡಗಡೆ ಹಲ್ಲು ಹೋಯ್ತು."

"ಕೂಗಬೇಡ್ವೇ, ನಿನ್ನ ತಮ್ಮನಿಗೆ ಕೇಳಿಸೀತು!" ಎಂದು ತಾವೊರ್ನ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಕೇಳಿಸಬಾರದವರಿಗೆಲ್ಲ ಆಗಲೇ ಕೇಳಿಸಿತ್ತು. ಬೇಲಿಯಾಚೆಯಿಂದ ಎಂಬತ್ತರ ಸಂಗಿಯಂ ಅತ್ತೆ ಪೌಡರ್ ಡಬ್ಬಿ ಹಿಡಿದು ಬಂದಳು. "ಅಳಿಯಂದ್ರೇ, ಸರೀರಿ ಆಚೆ. ಬಿಳೀ ಕಾರು, ಬಿಳೀ ಪೌಡರ್. ತಿಕ್ಕಿದ್ರೆ ಯಾರಪ್ಪನಿಗೂ ಕಾಣಲ್ಲ."

ಪಾಪ, ಅವಳು ಮುಚ್ಚಲೆಂದೇ ತಿಕ್ಕಿದಳು. ಆದರೆ ಪೌಡರ್ ಗೀರಿನ ಸಂದಿಯಲ್ಲಿ ಕೂತು ಗೀರು ಎದ್ದು ಕಾಣತೊಡಗಿತು. ಅತ್ತೆ ಕನ್ನಡಕ ಏರಿಸಿ ನೋಡಿದಳು. ಕೈಯಿಂದ ಡಬ್ಬಿ ಬಿತ್ತು.

"ನಾಲ್ಕು!" ಎಂದು ಕಿರುಚಿದಳು. "ಪಕ್ಕದಲ್ಲಿ ಏಳು! ನಲವತ್ತೇಳು ಕಣ್ರೋ! ಗಾಡಿತಾಯಿ ನಂಬರ್ ಕೊಟ್ಟಳು!"

ಅಂದು ಹದಿನಾರು, ಲಾಟರಿ ಎತ್ತುವ ದಿನ. ಗಾಡಿಗೊಬ್ಬಳು ಕಾಯುವ ತಾಯಿ ಇರುತ್ತಾಳೆಂದು ನಂಬುವ, ಮರದ ಬೊಡ್ಡೆಗೂ ಪೌಡರ್ ತಿಕ್ಕಿ ಲಾಟರಿ ಅಂಕಿ ಹುಡುಕುವ ಊರಿಗೆ, ಅಪಘಾತವಾದ ಕಾರೇ ಬಾಗಿಲಿಗೆ ಬಂದರೆ ಕೇಳಬೇಕೇ? ಮೆರವಣಿಗೆ ಅರ್ಧಕ್ಕೆ ನಿಂತಿತು. ಡೋಲಿನವನು ಡೋಲು ಬಿಟ್ಟು ಬಂದ. ದೀಕ್ಷೆಯ ಹುಡುಗ ಇನ್ನೊಬ್ಬರ ಹೆಗಲ ಮೇಲೆ ಕೂತವನು, ಅಲ್ಲಿಂದಲೇ ಬಗ್ಗಿ ನೋಡಿದ.

"ದೂರ ನಿಲ್ರಪ್ಪಾ, ಇದು ಬಾಡಿಗೆ ಕಾರು!" ಎಂದು ತಾವೊರ್ನ್ ಅಂಗಲಾಚಿದ.

"ಬಾಡಿಗೆದೋ ಸ್ವಂತದ್ದೋ, ತಾಯಿಗೆ ಯಾವ ಭೇದ, ಭಾವಾ?" ಎಂದ ಖಾಮ್‌ಪೊನ್. "ನಿಮ್ಮಂಥ ಜಿಪುಣರ ಕೈಗೆ ಸಿಕ್ಕೂ ಇಷ್ಟು ಉದಾರಿ ನೋಡಿ!"

ಬಾನೆಟ್ ಮುಂದೆ ನೈವೇದ್ಯದ ಕೆಂಪು ಸೋಡಾ ಬಾಟಲಿಗಳು ಸಾಲಾಗಿ ನಿಂತವು. ವೈಪರ್ ಸಂದಿಯಲ್ಲಿ ಊದುಬತ್ತಿ ಸಿಕ್ಕಿಸಿದರು. ಬೇಡ ಬೇಡ ಎನ್ನುವಷ್ಟರಲ್ಲಿ ಕೆಂಡದ ಚೂರುಗಳು ಉದುರಿ ಬಾನೆಟ್ ಮೇಲೆ ಚುಕ್ಕಿಚುಕ್ಕಿ ಸುಟ್ಟವು. ಸಂಗಿಯಂ ಅತ್ತೆ ಕೈಮುಗಿದು, "ತಾಯೀ, ನಲವತ್ತೇಳು ಬಂದ್ರೆ ನಿನ್ನ ಮೈತುಂಬ ಚಿನ್ನದ ರೇಕು ಹಚ್ತೀವಿ," ಎಂದು ಊರಿನ ಪರವಾಗಿ ಹರಕೆ ಹೊತ್ತಳು. ಚೀಟಿ ಮಾರುವ ಹೆಂಗಸಿನ ಹಲಗೆಯಲ್ಲಿದ್ದ, ನಲವತ್ತೇಳರಲ್ಲಿ ಕೊನೆಯಾಗುವ ಚೀಟಿಗಳು ಹತ್ತೇ ನಿಮಿಷದಲ್ಲಿ ಖಾಲಿಯಾಗುತ್ತ ಬಂದವು.

ಒಂದು ಚೀಟಿ ಉಳಿದಿತ್ತು. ಲಮಯ್ ಗಂಡನ ತೋಳು ಜಗ್ಗಿದಳು. "ಎಂಬತ್ತು ಬಾತ್ ಅಷ್ಟೇ. ತಗೊಳ್ರೀ."

"ಬರದೇ ಇದ್ರೆ ಎಂಬತ್ತು ವಾಪಸ್ ಕೊಡ್ತಾಳಾ ಅವಳು?"

ಆ ಚೀಟಿ ಡೋಲಿನವನ ಪಾಲಾಯಿತು.

ಊಟ ಮುಗಿಯುತ್ತಲೇ ತಾವೊರ್ನ್ ಕಾರನ್ನು ಕದ್ದವನ ಹಾಗೆ ಕೆರೆಯ ಹಿಂದಕ್ಕೆ ಒಯ್ದ. ಟೂತ್‌ಪೇಸ್ಟ್ ತಿಕ್ಕಿದರೆ ಗೀರು ಹೋಗುತ್ತದೆಂದು ಕಚೇರಿಯಲ್ಲಿ ಯಾರೋ ಹೇಳಿದ್ದರು. ಗಂಡಹೆಂಡಿರು ಕೂತು ಎರಡು ಟ್ಯೂಬ್ ಖಾಲಿ ಮಾಡಿದರು. ಅಂಗಿ ಒದ್ದೆಯಾಯಿತು, ಕೈ ಸೋತಿತು, ಗೀರು ಮಾತ್ರ ಹಲ್ಲುಕಿರಿಯುತ್ತಲೇ ಇತ್ತು.

"ರೀ, ಹಲ್ಲು ಆಮೇಲೆ ಕೈತುಂಬ ದುಡ್ಡಾದಾಗ ಮಾಡಿಸ್ಕೊಂಡ್ರಾಯ್ತು ಬಿಡಿ," ಎಂದಳು ಲಮಯ್. ಆ ಮಾತು ಅವನಿಗೆ ಬೈಗುಳಕ್ಕಿಂತ ಆಳವಾಗಿ ನಾಟಿತು. ತನ್ನ ಜಿಪುಣತನಕ್ಕೆ ಮೊದಲ ಸಲ ನಾಚಿಕೆಯಾಗಿ ಅವನು ಇನ್ನೂ ಜೋರಾಗಿ ತಿಕ್ಕಿದ.

ನಾಲ್ಕರ ಹೊತ್ತಿಗೆ ಊರ ಕಡೆಯಿಂದ ಒಂದು ಕೂಗು ಎದ್ದಿತು. ಕೊನೆಯ ಎರಡಂಕಿ, ನಲವತ್ತೇಳು!

ತಾವೊರ್ನ್ ಕಾರು ಹತ್ತಿ ಚಾಲೂ ಮಾಡುವ ಮೊದಲೇ ಊರು ಬಂದು ಮುತ್ತಿತು. ಒಂದೊಂದು ಚೀಟಿಗೆ ಎರಡೆರಡು ಸಾವಿರ ಗೆದ್ದವರಿಗೆ ಯಾರ ಮಾತು ಕೇಳೀತು? ದೇವಸ್ಥಾನದಲ್ಲಿದ್ದ ಚಿನ್ನದ ರೇಕಿನ ಕಟ್ಟುಗಳೆಲ್ಲ ಬಂದಿದ್ದವು. ಬಾಗಿಲು, ಬಾನೆಟ್, ಮಾಡು, ಕನ್ನಡಿ, ಕೊನೆಗೆ ಹೊಗೆ ಕೊಳವೆಗೂ ಹಚ್ಚಿದರು.

"ಅತ್ತೇ, ನನ್ನ ಠೇವಣಿ!" ಎಂದು ತಾವೊರ್ನ್ ಕಿಟಕಿಯಿಂದ ಅತ್ತ. "ಗೆದ್ದವರು ಚೂರುಚೂರು ಹಾಕಿ ಕೊಟ್ಟುಬಿಡಿ!"

"ಕೊಟ್ಟಿದ್ದು ತಾಯಿ, ನೀವಲ್ಲವಲ್ಲ ಅಳಿಯಂದ್ರೇ," ಎಂದು ಅತ್ತೆ ಅವನ ಕಿಟಕಿಯ ಗಾಜಿಗೂ ಒಂದು ರೇಕು ಅಂಟಿಸಿದಳು.

ಹೆದ್ದಾರಿಯಲ್ಲಿ ಎದುರು ಬಂದವರು ಬೈಕ್ ನಿಲ್ಲಿಸಿ ಕೈಮುಗಿದರು. ಆರಕ್ಕೆ ಐದು ನಿಮಿಷವಿರುವಾಗ ಕಾರು ವಿರೋಟ್‌ನ ಅಂಗಡಿ ಮುಂದೆ ನಿಂತಿತು. ತಾವೊರ್ನ್ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡ, ಬೇಲಿಯಿಂದ ರೇಕಿನ ತನಕ.

ವಿರೋಟ್ ಎಡಬಾಗಿಲಿಗೆ ಬಗ್ಗಿ ನೋಡಿದ. "ಈ ಗೀರು, ತಗ್ಗಾ? ಇವು ಎರಡು ವರ್ಷದ್ದು ಅಣ್ಣಾ, ನಾನೇ ಗೇಟಿಗೆ ಉಜ್ಜಿದ್ದು. ಕಾಗದದಲ್ಲಿ ಬರೆದಿದೀನಿ, ಕೆಳಗೆ ನೀವೇ ಸಹಿ ಹಾಕಿದೀರಿ. ನಿಮ್ಮ ಬೇಲಿ ಕಾರಿಗೆ ಏನೂ ಮಾಡಿಲ್ಲ."

ತಾವೊರ್ನನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹಾಗಾದ್ರೆ ಠೇವಣಿ ಪೂರ್ತಿ ವಾಪಸ್ಸಾ?"

"ಗೀರಿಗೆ ಏನೂ ಇಲ್ಲ. ಊದುಬತ್ತಿ ಸುಟ್ಟಿದ್ದಕ್ಕೆ, ರೇಕು ಕೆರೆಯೋದಕ್ಕೆ ಸೇರಿ ಐದು ಸಾವಿರ."

"ಅಯ್ಯೋ! ಬೆಳಗ್ಗೆ ಆ ಮುನ್ನೂರು ಕೊಟ್ಟಿದ್ರೆ ಇದೆಲ್ಲ ಉಳೀತಿತ್ತಲ್ಲಯ್ಯಾ!"

"ಎಲ್ಲಿ ಉಳೀತಿತ್ತು? ವಿಮೆ ಇರೋದು ಅಪಘಾತಕ್ಕೆ ಅಣ್ಣಾ, ಭಕ್ತಿಗಲ್ಲ."

ಉಳಿದ ಮೂರು ಸಾವಿರವನ್ನು ಲಮಯ್ ಕೈಗಿಟ್ಟು ತಾವೊರ್ನ್ ಬೀದಿಗೆ ಬಂದು ಕಟ್ಟೆಯ ಮೇಲೆ ಕುಸಿದ. ಅಂಗಡಿ ಮುಂದೆ ಆಗಲೇ ಲಾಟರಿ ನಂಬರ್ ಕೊಟ್ಟ ಕಾರು ನೋಡಲು ಜನ ಸೇರಿದ್ದರು. ವಿರೋಟ್ ರೇಕು ಕೆರೆಯುವ ಬದಲು ಬಾಡಿಗೆಯ ಹಲಗೆ ಅಳಿಸಿ ದುಪ್ಪಟ್ಟು ದರ ಬರೆಯುತ್ತಿದ್ದ.

ಅರ್ಧ ಗಂಟೆಯಾದ ಮೇಲೆ ಲಮಯ್ ಗುಂಪಿನಿಂದ ನುಸುಳಿ ಬಂದಳು. ಕೈಯಲ್ಲಿ ಲಕೋಟೆ ಇರಲಿಲ್ಲ, ಒಂದು ರಸೀದಿ ಇತ್ತು.

"ಇದೇನೇ?"

"ಮುಂದಿನ ಡ್ರಾ ಒಂದನೇ ತಾರೀಖಲ್ವಾ? ಅವತ್ತಿಗೆ ಆ ಕಾರು ಬಾಡಿಗೆಗೆ ಹಿಡಿದು ಬಂದೆ. ಮೂರು ಸಾವಿರ ಮುಂಗಡ. ಉಳಿದದ್ದಕ್ಕೆ ನೀವು ನಿಮ್ಮ ಆಫೀಸಲ್ಲಿ ಸಾಲ ಎತ್ತಬೇಕು."

"ನಿನಗೇನು ತಲೆ ಕೆಟ್ಟಿದೆಯಾ? ಹಲ್ಲು?"

"ಒಂದನೇ ತಾರೀಖಾದ ಮೇಲೆ. ವಿಮೆನೂ ಪೂರ್ತಿ ಮಾಡಿಸಿದೀನಿ ಕಣ್ರೀ, ಹೆದರಬೇಡಿ," ಎಂದಳು ಲಮಯ್, ವರ್ಷದಲ್ಲಿ ಮೊದಲ ಸಲ ಅಂಗೈ ಅಡ್ಡ ಹಿಡಿಯದೆ ಬಾಯ್ತುಂಬ ನಗುತ್ತ. "ಈ ಸಲ ಗೀರೋದು ನಾನೇ."