ಭಾವನ ಮೂಗು

ನನ್ನ ಭಾವನ ಮೂಗು ಅಳತೆಯಲ್ಲಿ ನಿಮ್ಮ ನಮ್ಮ ಮೂಗಿನಷ್ಟೇ. ಆದರೆ ಅದನ್ನು ಎತ್ತಿಕೊಂಡು ಅವರು ಹೊರಟರೆ ಕಾಪುವಿನ ಹೆದ್ದಾರಿಯೂ ಸಾಲದು!

ಭಾವ ಎಂದರೆ ಅಕ್ಕನ ಗಂಡ. ಗಲ್ಫಿನ ಒಂದು ದೊಡ್ಡ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಗಿರಾಕಿಗಳ ಗ್ಲಾಸಿಗೆ ವೈನ್ ಬಗ್ಗಿಸಿ ತಮ್ಮೂರು ಕಾಪುವಿಗೆ ಮರಳಿದವರು. ಉಳಿದವರು ಅಲ್ಲಿಂದ ಚಿನ್ನ, ಅತ್ತರು, ಕಂಬಳಿ ತಂದರೆ ಇವರು ತಂದದ್ದು ಅಭಿಪ್ರಾಯಗಳನ್ನು. ಅವಕ್ಕೆ ಕಸ್ಟಮ್ಸಿನವರ ತಡೆ ಇಲ್ಲ ನೋಡಿ!

ಕಾಪುವಿನ ಏಪ್ರಿಲ್ ತಿಂಗಳ ಸೆಕೆ ಗೊತ್ತುಂಟಲ್ಲ? ಮನುಷ್ಯರು ಹೇಗೂ ತಡೆದುಕೊಳ್ಳುತ್ತಾರೆ, ವೈನಿಗೆ ಮಾತ್ರ ಸೆಕೆ ಆಗಬಾರದಂತೆ. ಮಲಗುವ ಕೋಣೆಯ ಎಸಿಯನ್ನು ಕಿತ್ತು ಉಗ್ರಾಣಕ್ಕೆ ಹಾಕಿಸಿದರು. ಅಲ್ಲಿ ಬಾಟಲಿಗಳು ಅಡ್ಡ ಮಲಗಿ ತಣ್ಣಗೆ ನಿದ್ದೆ ಮಾಡಿದವು. ಅಕ್ಕ ಫ್ಯಾನಿನ ಕೆಳಗೆ ಬೆವರಿದಳು.

"ನನಗೂ ಒಂದು ಬಿರಡೆ ಹಾಕಿ ಅಲ್ಲಿಯೇ ಮಲಗಿಸಿಬಿಡಿ" ಅಂದಳು ಒಮ್ಮೆ.

"ಇಟ್ಟಷ್ಟೂ ಒಳ್ಳೆಯದಾಗುವುದು ವೈನ್ ಮಾತ್ರ ಮಾರಾಯ್ತಿ!" ಅಂದರು ಭಾವ. ಬಂದ ನೆಂಟರೆಲ್ಲ ನಕ್ಕರು. ಅಕ್ಕನೂ ನಕ್ಕಳು. ಅವಳು ನಕ್ಕದ್ದೇ ನನಗೆ ಹೆಚ್ಚು ಚುಚ್ಚಿತು.

ಮಣಿಪಾಲದಲ್ಲಿ ಇವರದೊಂದು ಭಾನುವಾರದ ಕೂಟ ಇತ್ತು. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ನಿವೃತ್ತ ಪ್ರೊಫೆಸರು, ಮತ್ತು ಭಾವ. ಒಂದು ಬಾಟಲಿಯ ಸುತ್ತ ಮೂರು ಗಂಟೆ ಮಾತು. ನನ್ನನ್ನೂ ಒಮ್ಮೆ ಕರೆದುಕೊಂಡು ಹೋದರು. ಗ್ಲಾಸನ್ನು ತಿರುಗಿಸಿ ಮೂಗಿಗೆ ಹಿಡಿಯಬೇಕು, ಏನೇನು ಪರಿಮಳ ಸಿಕ್ಕಿತೆಂದು ಹೇಳಬೇಕು.

"ನಿಮಗೆ ಎಂತ ಸಿಗ್ತದೆ?" ಭಾವ ಕೇಳಿದರು.

"ದ್ರಾಕ್ಷಿ" ಅಂದೆ.

"ದ್ರಾಕ್ಷಿಯೊಂದನ್ನು ಬಿಟ್ಟು ಹೇಳಿ ಮಾರಾಯ್ರೆ!"

ಹಲ್ಲಿನ ಡಾಕ್ಟರಿಗೆ ಒದ್ದೆ ಕಲ್ಲು ಸಿಕ್ಕಿತು. ಪ್ರೊಫೆಸರರಿಗೆ ಹಳೆಯ ಚರ್ಮದ ಚೀಲ. ಇಂಥದ್ದೆಲ್ಲ ಇದ್ದರೆ ಕುಡಿಯುವುದಾದರೂ ಯಾಕೆ ಸ್ವಾಮಿ? ಭಾವ ಮಾತ್ರ ಕಣ್ಣು ಮುಚ್ಚಿ ಹದಿಮೂರು ಪರಿಮಳ ಎಣಿಸಿದರು. ಕೊನೆಗೆ ನನ್ನ ಕಡೆ ತಿರುಗಿ, "ಇವರ ವಂಶಕ್ಕೇ ಮೂಗಿಲ್ಲ" ಅಂದರು. ವಂಶ ಎಂದರೆ ನಾನು, ಅಕ್ಕ, ತೀರಿಹೋದ ನಮ್ಮ ಅಮ್ಮ.

ಮದುವೆಯಾಗಿ ಇಪ್ಪತ್ತೈದು ವರ್ಷವಾದಾಗ ಅಕ್ಕನನ್ನು ನಾಸಿಕಕ್ಕೆ ಕರೆದುಕೊಂಡು ಹೋದರು. ಗೋದಾವರಿಯಲ್ಲಿ ಮಿಂದು ಪಂಚವಟಿ ನೋಡಬಹುದೆಂದು ಅಕ್ಕ ಹೊಸ ಸೀರೆ ತೆಗೆದಿಟ್ಟುಕೊಂಡಿದ್ದಳು. ಭಾವ ಮೂರು ದಿನವೂ ದ್ರಾಕ್ಷಿ ತೋಟ ಸುತ್ತಿಸಿದರು. "ಹೋಗುವುದಾದರೆ ಫೆಬ್ರವರಿಯಲ್ಲೇ ಹೋಗಬೇಕು, ಕೊಯ್ಲಿನ ಸಮಯ, ಬೆಳಿಗ್ಗೆ ಬೇಗ ತೋಟಕ್ಕೆ ಇಳಿಯಬೇಕು" ಎಂದು ಈಗಲೂ ಕಂಡವರಿಗೆಲ್ಲ ಸಲಹೆ ಕೊಡುತ್ತಾರೆ.

"ಗೋದಾವರಿ ಹೇಗಿತ್ತು ಅಕ್ಕ?" ಎಂದು ಕೇಳಿದೆ.

"ಸೇತುವೆಯ ಮೇಲೆ ಕಾರು ಜೋರು ಹೋಯಿತು. ನೀರು ಇದ್ದ ಹಾಗೆ ಕಂಡಿತು" ಅಂದಳು.

ಅಂದೇ ನಾನು ಈ ಮೂಗನ್ನು ಒಮ್ಮೆ ಕತ್ತರಿಸಲೇಬೇಕು ಎಂದು ನಿಶ್ಚಯಿಸಿದ್ದು.

ನೆರೆಮನೆಯ ಬಾಯಮ್ಮ ಕ್ರಿಸ್ಮಸ್ಸಿಗೆ ಮನೆಯಲ್ಲೇ ಮಾಡಿ ಕೊಟ್ಟ ವೈನು ನಮ್ಮ ಅಟ್ಟದಲ್ಲಿ ಮೇ ತಿಂಗಳವರೆಗೆ ಉಳಿದು, ಉಪ್ಪಿನಕಾಯಿಗೆ ಹಾಕಬಹುದಾದಷ್ಟು ಹುಳಿಯಾಗಿತ್ತು. ಭಾವನ ಮನೆಯಿಂದ ಒಂದು ಖಾಲಿ ಫ್ರೆಂಚ್ ಬಾಟಲಿ ತಂದು ಅದರಲ್ಲಿ ತುಂಬಿಸಿದೆ. ಉಡುಪಿಯ ನಮ್ಮ ಮನೆಗೆ ಭಾವ, ಅಕ್ಕ, ಡಾಕ್ಟರು, ಪ್ರೊಫೆಸರು, ಎಲ್ಲರನ್ನೂ ಊಟಕ್ಕೆ ಕರೆದೆ. ಗೆಳೆಯನೊಬ್ಬ ಪ್ಯಾರಿಸ್ಸಿನಿಂದ ತಂದದ್ದು ಎಂದೆ.

ಭಾವ ಗ್ಲಾಸು ತಿರುಗಿಸಿದರು. ಮೂಗಿಗೆ ಹಿಡಿದರು. ಕಣ್ಣು ಮುಚ್ಚಿದರು. ಒಂದು ಗುಟುಕು ಬಾಯಿಯಲ್ಲಿ ಹೊರಳಿಸಿ ನುಂಗಿದರು.

"ಆಹಾ! ಚೆರಿ ಉಂಟು. ಲವಂಗ ಉಂಟು. ಕೊನೆಯಲ್ಲಿ ಸ್ವಲ್ಪ ದೇವದಾರು."

ಅಷ್ಟರಲ್ಲಿ ಡಾಕ್ಟರು ಗುಟುಕು ತೆಗೆದುಕೊಂಡು ಸಿಂಕಿಗೆ ಓಡಿದರು! ನಾನು ಬಾಟಲಿಯ ಕಥೆ ಬಿಚ್ಚಿದೆ. ಪ್ರೊಫೆಸರು ಮೇಜು ಕುಟ್ಟಿ ನಕ್ಕರು. ಇಷ್ಟು ವರ್ಷದ ಅಕ್ಕನ ನಗುವನ್ನೆಲ್ಲ ಸೇರಿಸಿ ನಾನು ನಕ್ಕೆ.

ಭಾವ ನಗಲಿಲ್ಲ, ಬೈಯಲೂ ಇಲ್ಲ. ಗ್ಲಾಸಿನಲ್ಲಿ ಉಳಿದದ್ದನ್ನು ತಳದವರೆಗೆ ಕುಡಿದು, "ನಾನು ಬರ್ತೇನೆ" ಎಂದು ಎದ್ದು ಹೋಗಿ ಕಾರಿನಲ್ಲಿ ಕುಳಿತರು.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು. ನನ್ನ ಪರವಾಗಿ ಒಂದು ಮಾತಾದರೂ ಸಿಗಬಹುದೆಂದು ಕಾದೆ.

"ಕೊರೊನಾ ಬಂದು ಹೋದ ಮೇಲೆ ಅವರಿಗೆ ಪರಿಮಳವೂ ಇಲ್ಲ, ರುಚಿಯೂ ಇಲ್ಲ. ಹಾಲು ಸೀದು ಕಪ್ಪಾದರೂ ಗೊತ್ತಾಗುವುದಿಲ್ಲ. ಹಳೆಯ ನೆನಪಿನಿಂದ ಹೇಳ್ತಾರೆ. ಯಾರಿಗೂ ಹೇಳಬೇಡ ಅಂದಿದ್ದರು. ಇವತ್ತು ನೀನು ಎಲ್ಲರಿಗೂ ಹೇಳಿದೆ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಟಳು.

ನಾಲ್ಕು ದಿನ ಮುಖ ತೋರಿಸುವ ಧೈರ್ಯ ಬರಲಿಲ್ಲ. ಐದನೆಯ ದಿನ ಸಂಜೆ ಕಾಪುವಿಗೆ ಹೋದೆ. ಕ್ಷಮೆ ಕೇಳುವ ಮಾತನ್ನು ಉದ್ಯಾವರದಿಂದ ಕಟಪಾಡಿಯವರೆಗೆ ಬಸ್ಸಿನಲ್ಲೇ ಬಾಯಿಪಾಠ ಮಾಡಿದ್ದೆ. ಬಾಗಿಲು ತೆರೆದಿತ್ತು. ಹಿಂದಿನ ಜಗಲಿಯಲ್ಲಿ ಇಬ್ಬರೂ ನನಗೆ ಬೆನ್ನು ಹಾಕಿ ಕುಳಿತಿದ್ದರು. ಭಾವನ ತೊಡೆಯ ಮೇಲೆ ಒಂದು ನೋಟ್‌ಬುಕ್. ಜನ್ಮದಲ್ಲಿ ಒಂದು ಹನಿ ಬಾಯಿಗೆ ಹಾಕದ ಅಕ್ಕ ವೈನಿನ ಗ್ಲಾಸನ್ನು ಮೂಗಿಗೆ ಹಿಡಿದಿದ್ದಳು.

"ಅವಸರ ಮಾಡಬೇಡ. ತೋಚಿದ್ದು ಹೇಳು, ನಾನು ಬರೆದುಕೊಳ್ತೇನೆ" ಅಂದರು ಭಾವ.

ಅಕ್ಕ ಮತ್ತೊಮ್ಮೆ ಮೂಸಿದಳು. "ನಗಬಾರದು."

"ಇಲ್ಲ."

"ನಮ್ಮ ಮಗಳು ಸಣ್ಣವಳಿರುವಾಗ ಎಣ್ಣೆ ಹಚ್ಚಿ ಮೀಯಿಸಿದ ಮೇಲೆ ಅವಳ ನೆತ್ತಿ ಹೀಗೆಯೇ ಇತ್ತು. ನೀವು ಆಗ ಗಲ್ಫಿನಲ್ಲಿ ಇದ್ದಿರಿ. ನಿಮಗೆ ಗೊತ್ತಿಲ್ಲ."

ಭಾವನ ಪೆನ್ನು ನಿಂತಿತು. ನಾನು ಬಾಗಿಲಲ್ಲೇ ನಿಂತೆ, ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿತ್ತು. ಅವರು ನೋಟ್‌ಬುಕ್ಕನ್ನು ಮುಚ್ಚಿ ಕೆಳಗಿಟ್ಟು, ಅಕ್ಕನ ಹತ್ತಿರಕ್ಕೆ ಸರಿದು ಕುಳಿತರು.

"ಇನ್ನೊಮ್ಮೆ ಹೇಳು" ಅಂದರು.